ಗೊಬ್ಬರದ ಗುಂಡಿಯ ಮಹಾತ್ಮೆ

ಸೇಡಮ್ಮಿಗೆ ಕರೆಂಟು ಯಾವಾಗ ಬಂತು, ಟೂರಿಂಗ್ ಟಾಕೀಸು ಯಾವಾಗ ಬಂತು ಎಂದು ಕೇಳಿದರೆ ಹೇಳುವವರು ಈಗಲೂ ಸಿಗುತ್ತಾರೆ. ಪರಿಸರ ಯಾವಾಗ ಬಂತು ಎಂದು ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಅದು ಬಂದದ್ದು ಇಸವಿ ಎಪ್ಪತ್ತೊಂಬತ್ತರ ಸೆಪ್ಟೆಂಬರಿನಲ್ಲಿ, ಕಲಬುರ್ಗಿಯಿಂದ ಸಂಜೆಗೆ ಬರುವ ಕೆಂಪು ಬಸ್ಸಿನಲ್ಲಿ, ತಾಲೂಕು ಕಚೇರಿಯ ಗುಮಾಸ್ತ ಸೂಗಪ್ಪನ ಕಂಕುಳಲ್ಲಿ.

ಕಲಬುರ್ಗಿಯಲ್ಲಿ ‘ಮನೆಯಂಗಳ ಮತ್ತು ಪರಿಸರ’ ಎಂದು ಎರಡು ದಿನದ ತರಬೇತಿ ಇಟ್ಟಿದ್ದರು. ಹೋಗಬೇಕಾದವರು ಶಿರಸ್ತೇದಾರರು. ಅವರಿಗೆ ಅದೇ ದಿನ ಬೀಗರ ಮನೆಯ ಹೋಳಿಗೆ ಊಟ ಬಿದ್ದದ್ದರಿಂದ, ಕಚೇರಿಯಲ್ಲಿ ಇದ್ದರೂ ಇಲ್ಲದಿದ್ದರೂ ಏನೂ ವ್ಯತ್ಯಾಸವಾಗದ ಮನುಷ್ಯ ಯಾರು ಎಂದು ನೋಡಿ ಸೂಗಪ್ಪನನ್ನು ಕಳಿಸಿದರು. ಮೂವತ್ತೆಂಟು ವರ್ಷದ ಆಯುಷ್ಯದಲ್ಲಿ ಸರ್ಕಾರ ಅವನನ್ನು ಎಲ್ಲಿಗಾದರೂ ಕಳಿಸಿದ್ದು ಅದೇ ಮೊದಲು. ಎರಡು ದಿನ ಗಾದಿ ಕುರ್ಚಿಯ ಮೇಲೆ ಕೂತು, ನಾಲ್ಕು ಸಲ ಚಹಾ ಕುಡಿದು, ಹದಿನಾರು ಪುಟದ ಪುಸ್ತಕ ಹಿಡಿದು ಇಳಿದವನು ಹೋದ ಸೂಗಪ್ಪನಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎದುರಾದ ಎಮ್ಮೆಗೂ ಅವನು ದಾರಿ ಬಿಟ್ಟು ನಿಂತನಂತೆ. ಅದೂ ಪರಿಸರದಲ್ಲೇ ಬರುತ್ತದೆ ಎಂದು ಪುಸ್ತಕದಲ್ಲಿತ್ತು.

ಮರುದಿನ ಮುಂಜಾನೆ ಪಕ್ಕದ ಮನೆಯ ಮಶಾಕನನ್ನು ಕರೆದ. ಮಶಾಕ ಕಲ್ಲಿನ ಕೆಲಸದವನು. ಈ ಸೀಮೆಯ ಮನೆಗಳಿಗೆಲ್ಲ ಶಹಾಬಾದಿನ ಫರ್ಸಿಗಲ್ಲೇ ನೆಲ, ಫರ್ಸಿಯೇ ಅಂಗಳ, ಎಷ್ಟೋ ಕಡೆ ಫರ್ಸಿಯೇ ಮಾಳಿಗೆ.

“ಮಶಾಕ, ಹಿತ್ತಲದಾಗಿನ ಫರ್ಸಿ ಎಲ್ಲಾ ಕೀಳಬೇಕು ನೋಡು.”

“ಒಡದಾವೇನ್ರಿ?”

“ಇಲ್ಲ, ಚಲೋ ಅವ. ಭೂಮಿ ಉಸಿರಾಡಬೇಕಂತ.”

ಮಶಾಕ ಬೀಡಿ ಕೈಯಲ್ಲೇ ಆರಿಸಿಕೊಂಡ. “ಮಾಲಕ್ರ, ಇದು ನಮ್ಮಪ್ಪ ಹಾಸಿದ ಫರ್ಸಿ. ಮೂವತ್ತು ವರ್ಷ ಆತು. ಇಷ್ಟು ದಿನ ಭೂಮಿ ಉಸಿರಾಡದ ಹ್ಯಾಂಗ ಬದುಕ್ಯಾದ? ಮಂದಿ ಅಂಗಳಕ್ಕ ಫರ್ಸಿ ಹಾಸ್ಲಿಕ್ಕ ಸಾಯ್ತಾರ, ನೀವು ಕೀಳಾಕತ್ತೀರಿ. ವೈನಿಗಿ ಕೇಳೀರೇನು?”

ವೈನಿ, ಅಂದರೆ ಸೂಗಪ್ಪನ ಹೆಂಡತಿ ವಿಮಲಾಬಾಯಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅವಳ ಚಿಂತೆ ಭೂಮಿಯ ಉಸಿರಿನದಲ್ಲ, ಮನೆಯದು. ಆ ಮನೆ ಸೂಗಪ್ಪನದಾಗಿರಲಿಲ್ಲ. ಅವನ ಕಾಕಾ ಶಿವರಾಯರದು. ಶಿವರಾಯರು ವಾಡಿ ಜಂಕ್ಷನ್ನಿನಲ್ಲಿ ಮೂವತ್ತೈದು ವರ್ಷ ಟಿಕೇಟು ತಪಾಸಣೆ ಮಾಡಿ ರಿಟೈರಾದವರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೋದ ತಿಂಗಳಷ್ಟೇ ಟ್ರಂಕು, ಹಾಸಿಗೆ, ಕೆಮ್ಮು, ಮೊಣಕಾಲ ನೋವು ಸಮೇತ ಬಂದು ಪಡಸಾಲೆಯಲ್ಲಿ ತಳವೂರಿದ್ದರು. ಬಂದ ದಿನವೇ, “ಮನಿ ನಿನ್ನ ಹೆಸರಿಗಿ ಮಾಡ್ತೀನೋ ಸೂಗ್ಯಾ. ದಿನ ನೋಡಿ ರಿಜಿಸ್ಟರ್ ಮಾಡೋಣು” ಅಂದಿದ್ದರು. ಡಿಸೆಂಬರಿನ ಮೂರನೇ ಸೋಮವಾರ ಎಂದು ದಿನವೂ ಗೊತ್ತಾಗಿತ್ತು. ಅಲ್ಲಿಯತನಕ ಕಾಕಾನ ಮನಸ್ಸಿಗೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳುವುದೇ ವಿಮಲಾಬಾಯಿಯ ವ್ರತವಾಗಿತ್ತು. ಕಾಕಾನಿಗೆ ಮುಂಜಾನೆ ಶುಂಠಿ ಕಷಾಯ, ಮಧ್ಯಾಹ್ನ ಬಿಸಿರೊಟ್ಟಿ, ಸಂಜೆ ಕಾಲಿಗೆ ಎಣ್ಣೆ. ಅಂಥದರಲ್ಲಿ ಗಂಡ ಕಾಕಾನ ಫರ್ಸಿಗೆ ಹಾರೆ ಹಾಕಲು ಹೊರಟಿದ್ದ.

“ಕಾಕಾರಿಗಿ ಗೊತ್ತಾದ್ರ?” ಎಂದಳು.

“ಹಿತ್ತಲಕ್ಕ ನಾಕು ಮೆಟ್ಟಲ ಇಳೀಬೇಕು. ಅವರ ಮೊಣಕಾಲು ಇಳಿಯಾಂಗಿಲ್ಲ” ಎಂದ ಸೂಗಪ್ಪ. ಅವನ ಯೋಜನೆಗಳೆಲ್ಲ ಇಂಥ ಗಟ್ಟಿ ತಳಹದಿಯ ಮೇಲೇ ನಿಂತಿರುತ್ತಿದ್ದವು.

ಫರ್ಸಿ ಕಿತ್ತು ಗೋಡೆಗೆ ಒರಗಿಸಿದ್ದಾಯಿತು. ಬದನೆ, ಮೆಣಸಿನ ಗಿಡ, ಟೊಮೆಟೊ ನೆಟ್ಟದ್ದಾಯಿತು. ಪುಸ್ತಕದ ಆರನೇ ಪುಟದ ಪ್ರಕಾರ ಡಿಡಿಟಿ ಪುಡಿಯ ಡಬ್ಬಿ ಮನೆಯಿಂದ ಹೊರಗೆ ಹೋಯಿತು. ಹುಳುಗಳಿಗೆ ಈ ಸುದ್ದಿ ಹೇಗೆ ಮುಟ್ಟಿತೋ, ಇಡೀ ಓಣಿಯ ಹುಳುಗಳು ಸಂಸಾರ ಸಮೇತ ಬಂದವು. ಸೂಗಪ್ಪ ಅವನ್ನು ಕೊಲ್ಲಲಿಲ್ಲ. ಹುಳು ತಿನ್ನಲು ಹಕ್ಕಿ ಬರುತ್ತದೆ, ಹಕ್ಕಿಗೆ ನೀರಿಡಬೇಕು ಎಂದು ಬೇವಿನ ಕೊಂಬೆಗೆ ಮಡಿಕೆ ಕಟ್ಟಿದ. ಹಕ್ಕಿ ಬಂದವು, ನೀರು ಕುಡಿದವು, ಟೊಮೆಟೊ ತಿಂದು ಹೋದವು. ಹುಳುಗಳನ್ನು ಮುಟ್ಟಲಿಲ್ಲ.

“ಬದನಿಕಾಯಿ ಹುಳಕ್ಕ, ಟಮಾಟಿ ಹಕ್ಕಿಗಿ, ಪುಸ್ತಕ ನಮಗ” ಎಂದಳು ವಿಮಲಾಬಾಯಿ.

ಒಂಬತ್ತನೇ ಪುಟದಲ್ಲಿ ಗೊಬ್ಬರದ ಗುಂಡಿ ಇತ್ತು. ಚೌಕನೆಯದು, ಎದೆಮಟ್ಟ ಆಳದ್ದು. ಪದರ ಪದರವಾಗಿ ಎಲೆ, ಸೆಗಣಿ, ಬೂದಿ ಹಾಕಿ ನೀರು ಚಿಮುಕಿಸಬೇಕು, ಆಗಾಗ ತಿರುವಿ ಹಾಕಬೇಕು. ತಿರುವಲು ಒಳಗಿಳಿಯಬೇಕಲ್ಲ ಎಂದು ಸೂಗಪ್ಪ ಸ್ವಂತ ಬುದ್ಧಿ ಓಡಿಸಿ ಮೂರು ಮೆಟ್ಟಿಲು ಕಡಿದ. ಹದಿಮೂರನೇ ಪುಟದಲ್ಲಿ, ಕಪ್ಪೆ ರೈತನ ಮಿತ್ರ, ಅದಕ್ಕೆ ತಂಪಾದ ನೆಲೆ ಮಾಡಿಕೊಡಿ ಎಂದಿತ್ತು. ಬೇರೆ ಕಡೆ ಯಾಕೆ ಎಂದು ಗುಂಡಿಯ ಒಂದು ಗೋಡೆಯಲ್ಲೇ ಅಚ್ಚುಕಟ್ಟಾಗಿ ಗೂಡು ಕೊರೆದ. ಓಣಿಯ ಮನೆ ಮನೆಗೆ ಹೋಗಿ ಒಲೆಯ ಬೂದಿ ಬೇಡಿ ತಂದು, ಜರಡಿ ಹಿಡಿದು, ಬೆಳ್ಳಗೆ ಸೋಸಿ, ಗುಂಡಿಯ ಬಾಯಲ್ಲಿ ಗುಡ್ಡೆ ಹಾಕಿದ. ಶಾಲೆಯ ಹಿಂದಿದ್ದ ಬಿಲ್ವದ ಮರದಿಂದ ಎರಡು ಚೀಲ ಉದುರೆಲೆ ತಂದ. ತಳಕ್ಕೆ ಮೊದಲೇ ಸೆಗಣಿಯ ದಪ್ಪ ಪದರ ಹಾಕಿ, ನೀರು ಚಿಮುಕಿಸಿ, ಮೇಲೆ ಎಲೆ ಹರಡಿ ಮುಚ್ಚಿದ್ದ.

ಲಿಂಗಾಯತರ ಮನೆಯಲ್ಲಿ ಹುಟ್ಟಿ, ಹತ್ತಾರು ಮಣ್ಣಿಗೆ ಹೋಗಿ ಬಂದ ಮನುಷ್ಯನಿಗೆ ತಾನು ಏನು ತೋಡಿದ್ದೇನೆ ಎಂದು ಹೊಳೆಯಬಾರದೆ? ಹೊಳೆಯಲಿಲ್ಲ. ತಲೆಯಲ್ಲಿ ಹದಿನಾರು ಪುಟ ತುಂಬಿತ್ತು, ಹದಿನೇಳನೆಯದಕ್ಕೆ ಜಾಗವಿರಲಿಲ್ಲ.

ಎದುರುಮನೆಯ ತುಳಜಾಬಾಯಿಗೆ ಅಂಥ ತೊಂದರೆ ಇರಲಿಲ್ಲ. ಅವಳು ಪುಸ್ತಕ ಓದಿದವಳಲ್ಲ. ಓಣಿಯಲ್ಲಿ ಯಾವ ಮನೆಯ ಸಾರಿಗೆ ಎಷ್ಟು ಉಪ್ಪು ಎಂದು ವಾಸನೆಯಿಂದಲೇ ಹೇಳುವ ಹೆಂಗಸು, ಕೊಟ್ಟ ಬೂದಿ ಎಲ್ಲಿಗೆ ಹೋಯಿತು ಎಂದು ನೋಡದೆ ಇರುತ್ತಾಳೆಯೇ? ಮಶಾಕನ ಮಾಳಿಗೆಗೆ ಮೆಣಸಿನಕಾಯಿ ಒಣಹಾಕುವ ನೆವದಲ್ಲಿ ಹತ್ತಿ, ಸೂಗಪ್ಪನ ಹಿತ್ತಲಿಗೆ ಇಣುಕಿದಳು. ಚೌಕದ ಕುಣಿ. ಇಳಿಯಲು ಮೂರು ಮೆಟ್ಟಿಲು. ಗೋಡೆಯಲ್ಲಿ ಗೂಡು. ಬಿಲ್ವಪತ್ರಿ ಎರಡು ಚೀಲ. ವಿಭೂತಿಯಂಥ ಬಿಳೀ ಬೂದಿ ಒಂದು ಗುಡ್ಡೆ. ಮೇಲೆ ಮುಚ್ಚಲು ಫರ್ಸಿ ಸಹ ಗೋಡೆಗೆ ತಯಾರಾಗಿ ನಿಂತಿತ್ತು. ಲಿಂಗಾಯತರು ತಮ್ಮವರನ್ನು ಕೂಡಿಸಿ ಮಣ್ಣು ಮಾಡುವ ಕುಣಿಗೆ ಇನ್ನು ಒಂದೇ ಸಾಮಾನು ಬಾಕಿ. ಆ ಸಾಮಾನು ಪಡಸಾಲೆಯಲ್ಲಿ ಕೂತು ಕೆಮ್ಮುತ್ತಿತ್ತು.

“ಮುದುಕ ಇನ್ನಾ ರೊಟ್ಟಿ ತಿನ್ನಾಕತ್ತಾನ, ಇಂವ ಕುಣಿ ತೋಡಿ ಕುಂತಾನ” ಎಂದು ತುಳಜಾಬಾಯಿ ನಳದ ಕಟ್ಟೆಯಲ್ಲಿ ಹೇಳಿದಳು. ಮುಂದೆ ಹೇಳುವ ಕೆಲಸವನ್ನು ನಳದ ಕಟ್ಟೆಯೇ ವಹಿಸಿಕೊಂಡಿತು.

ಮರುದಿನದಿಂದ ಶಿವರಾಯರ ದರ್ಶನಕ್ಕೆ ಜನ ಬರತೊಡಗಿದರು. ಬಂದವರು ಒಂದೇ ಒಂದು ಬಾಳೆಹಣ್ಣು ಕೈಯಲ್ಲಿಟ್ಟು, ಮುಖವನ್ನು ಕಣ್ತುಂಬ ನೋಡಿ, ನಿಟ್ಟುಸಿರು ಬಿಟ್ಟು ಕೂಡುತ್ತಿದ್ದರು. ಸತ್ತ ಮೇಲೆ ಬರುವವರು ಮುಂಚೆ ಬಂದು ಪುಣ್ಯ ಕಟ್ಟಿಕೊಳ್ಳುತ್ತಿದ್ದರು, ಅಷ್ಟೆ.

“ಏನಾರ ತಿನ್ನೂ ಆಸಿ ಅದ ಏನ್ರಿ ಟೀಸಿ ಸಾಹೇಬ್ರ?” ಎಂದಳು ತುಳಜಾಬಾಯಿ, ಸೆರಗು ಮೂಗಿಗೆ ಹಿಡಿದು.

“ಎಣ್ಣಿಗಾಯಿ ತಿಂದು ಭಾಳ ದಿನ ಆತವ್ವಾ. ಈ ಮನ್ಯಾಗಿನ ಬದನಿಕಾಯಿ ಎಲ್ಲಾ ಹುಳ ತಿನ್ತಾವ” ಎಂದರು ಶಿವರಾಯರು.

ಸಂಜೆಗೆ ಐದು ಮನೆಯಿಂದ ಎಣ್ಣೆಗಾಯಿ ಬಂತು. ಕೊನೆಯ ಆಸೆ ಎಂದು ಎಲ್ಲರೂ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ಕಾಕಾ ಐದನ್ನೂ ಮುಗಿಸಿ ರಾತ್ರಿಯಿಡೀ ಕೆಮ್ಮಿದರು. ಆ ಕೆಮ್ಮು ಕೇಳಿ ಓಣಿಯ ಜನ, ಸೂಗಪ್ಪ ಕುಣಿ ತೋಡಿದ್ದರಲ್ಲಿ ಅರ್ಥವಿದೆ ಎಂದುಕೊಂಡರು. “ನೋಡು ಸೂಗ್ಯಾ, ವಾಡ್ಯಾಗ ನನಗ ಕಂಡ್ರ ಮಂದಿ ಓಡಿ ಹೋಗ್ತಿತ್ತು. ಇಲ್ಲಿ ಓಡಿ ಬರಾಕತ್ಯಾರ” ಎಂದು ಕಾಕಾ ಹಿಗ್ಗಿದರು. ಸೂಗಪ್ಪ, ಪರಿಸರ ಚೆನ್ನಾಗಿದ್ದರೆ ನೆರೆಹೊರೆಯೂ ಚೆನ್ನಾಗಿರುತ್ತದೆ ಎಂದು ಪುಸ್ತಕದ ಕೊನೆಯ ಪುಟದಲ್ಲಿದ್ದದ್ದನ್ನು ನೆನೆಸಿಕೊಂಡು ತಲೆದೂಗಿದ.

ಶುಕ್ರವಾರ ಓಣಿಯ ಅಯ್ಯನವರು ಬಂದರು. ಮದುವೆಯಿಂದ ಮಣ್ಣಿನ ತನಕ ಅಲ್ಲಿಯ ಲಿಂಗಾಯತ ಮನೆಗಳ ಕಾರ್ಯವೆಲ್ಲ ಅವರದೇ. ತಮ್ಮನ್ನು ಕೇಳದೆ ಕುಣಿ ತೋಡಿದ್ದು ಅವರಿಗೆ ಅಪಮಾನವಾಗಿತ್ತು. ನೆಟ್ಟಗೆ ಹಿತ್ತಲಿಗೆ ಹೋಗಿ, ಗುಂಡಿಯ ಸುತ್ತ ಒಂದು ಸುತ್ತು ಬಂದು, ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆದು ನೋಡಿದರು. ಸೂಗಪ್ಪ ತನ್ನ ತೋಟ ನೋಡಲು ದೊಡ್ಡವರು ಬಂದರೆಂದು ಬೀಗಿ ನಿಂತ.

“ಅಳತಿ ತಪ್ಪ್ಯಾದ. ಯಾರ ಪಾದ ಹಿಡದು ಅಳದಿ?”

“ಪಾದ ಇಲ್ರಿ ಅಯ್ಯನೋರ, ಪುಸ್ತಕ ನೋಡಿ ಅಳದೀನಿ. ಸರ್ಕಾರದೋರು ಕೊಟ್ಟಾರ.”

“ಸರ್ಕಾರ ಇದಕ್ಕೂ ಕೈ ಹಾಕ್ತೇನು?” ಅಯ್ಯನವರಿಗೆ ತಮ್ಮ ಹೊಟ್ಟೆಪಾಡಿನ ಚಿಂತೆ ಹತ್ತಿತು. “ನಿಮ್ಮ ಕಾಕಾಗ ಹೇಳೀಯೇನು?”

“ಇನ್ನಾ ಇಲ್ರಿ. ಅವರಿಗಿ ಸೇರಾಂಗಿಲ್ಲ.”

“ಯಾರಿಗಿ ಸೇರ್ತದೋ? ಯಾವತ್ತು ಅಂತ ಮಾಡೀದಿ?”

“ತುಂಬಿ ಮುಚ್ಚಿದ ಮ್ಯಾಲ ಮೂರು ತಿಂಗಳ ಬಿಡ್ಬೇಕ್ರಿ. ನಡುನಡುವ ತಿರುವಿ ಹಾಕ್ಬೇಕು. ಆಮ್ಯಾಲ ಚಲೋ ಗೊಬ್ಬರ ಆಗ್ತದ, ಬದನಿ ಗಿಡಕ್ಕ ಹಾಕ್ಲಿಕ್ಕ ಬರ್ತದ.”

ಅಯ್ಯನವರ ಕೈಯಿಂದ ಕೋಲು ಜಾರಿತು. “ಎಲಾ ಚಾಂಡಾಲ, ಹೆತ್ತ ತಂದಿ ಸಮಾನ ಕಾಕಾನ ತಿರುವಿ ಹಾಕ್ತೀಯಾ?”

ಆಗ ಸೂಗಪ್ಪ ಮೊಟ್ಟಮೊದಲ ಸಲ ತನ್ನ ಗುಂಡಿಯನ್ನು ಪುಸ್ತಕವಿಲ್ಲದೆ ನೋಡಿದ. ಮೆಟ್ಟಿಲು ಕಂಡವು, ಗೂಡು ಕಂಡಿತು, ಪತ್ರಿ ಕಂಡಿತು. ಬಾಳೆಹಣ್ಣು ತಂದವರ ನಿಟ್ಟುಸಿರು, ಎಣ್ಣೆಗಾಯಿಯ ಎಣ್ಣೆ, ಎಲ್ಲದರ ಅರ್ಥ ಒಂದೇ ಏಟಿಗೆ ತಲೆಗೆ ಹತ್ತಿತು. “ಇದು ಸೆಗಣಿ ಗುಂಡಿ ಅದ್ರೀ” ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ, ಅಯ್ಯನವರ ದನಿ ಕೇಳಿ ಏನು ಗಲಾಟೆ ಎಂದು ನೋಡಲು ಶಿವರಾಯರು ವಿಮಲಾಬಾಯಿಯ ಹೆಗಲು ಹಿಡಿದು ನಾಲ್ಕು ಮೆಟ್ಟಿಲನ್ನೂ ಇಳಿದು ಬಂದಿದ್ದರು.

ಶಿವರಾಯರು ಗುಂಡಿ ನೋಡಿದರು. ಮೆಟ್ಟಿಲು ನೋಡಿದರು, ಗೂಡು ನೋಡಿದರು. ವಿಮಲಾಬಾಯಿಯ ಕಣ್ಣ ಮುಂದೆ ಮನೆ, ಬಾಗಿಲು, ಅಡಿಗೆಮನೆ ಎಲ್ಲ ಒಂದೊಂದಾಗಿ ಕೈಬಿಟ್ಟು ಹೋದವು.

“ಅಯ್ಯನೋರ,” ಎಂದರು ಶಿವರಾಯರು ಕೊನೆಗೆ, “ಊರಾಗ ಸತ್ತ ಮಂದಿಗಿ ಎಲ್ಲಿ ಕುಣಿ ತೋಡ್ತಾರ?”

“ಮತ್ತೆಲ್ಲಿ? ಊರ ಹೊರಗ, ರುದ್ರಭೂಮ್ಯಾಗ.”

“ಇದ್ದ ಮನ್ಯಾಗ, ಅಂಗಳದಾಗ, ಯಾರಿಗಿ ತೋಡ್ತಾರ?”

ಅಯ್ಯನವರು, “ಶರಣರಿಗಿ. ಗದ್ದುಗಿ ಆಗೂ ಅಂಥ ಮಹಾತ್ಮರಿಗಿ” ಎಂದರು.

ಶಿವರಾಯರ ಕಣ್ಣಲ್ಲಿ ನೀರು ಬಂತು. “ವಾಡಿ ಜಂಕ್ಷನ್ನಾಗ ಮೂವತ್ತೈದು ವರ್ಷ ಮಂದಿ ಟಿಕೇಟ್ ನೋಡಿದೆ. ನನ್ನ ಮಾರಿ ಒಬ್ಬನೂ ನೆಟ್ಟಗ ನೋಡ್ಲಿಲ್ಲ. ನನ್ನೊಳಗ ಏನೋ ಒಂದು ಅದ ಅಂತ ನನಗ ಗೊತ್ತಿತ್ತು. ನೀ ಗುರುತು ಹಿಡದಿ ನೋಡು ಸೂಗ್ಯಾ. ನಿಮ್ಮಪ್ಪಗೂ ಇಷ್ಟು ಬುದ್ಧಿ ಇರ್ಲಿಲ್ಲ.” ಹೀಗೆಂದು ಅವನ ತಲೆಯ ಮೇಲೆ ಕೈಯಿಟ್ಟರು.

ಅಯ್ಯನವರು ಗುಂಡಿ ನೋಡಿದರು, ಸೂಗಪ್ಪನನ್ನು ನೋಡಿದರು. ಗೊಬ್ಬರ ಎಂಬ ಮಾತು ಅವರ ಕಿವಿಗೆ ಸ್ಪಷ್ಟವಾಗಿಯೇ ಬಿದ್ದಿತ್ತು. ಆದರೆ ಹೊಸ ಗದ್ದುಗೆ ಎಂದರೆ ದಿನದ ಪೂಜೆ, ಪೂಜೆ ಎಂದರೆ ಪೂಜಾರಿ. ಅವರ ಕಿವಿ ಆ ಕ್ಷಣದಿಂದ ಮಂದವಾಯಿತು. ಬಗ್ಗಿ ಶಿವರಾಯರ ಪಾದ ಮುಟ್ಟಿ, “ಅಳತಿ ಸರಿ ಮಾಡಿದ್ರ ಆತು” ಎಂದರು.

ಸೂಗಪ್ಪ ಅಡಿಗೆಮನೆಗೆ ಬಂದು ಗೋಡೆಗೆ ಒರಗಿ ಕೂತ. “ಹೇಳಿಬಿಡ್ತೀನಿ.”

“ಏನಂತ ಹೇಳ್ತೀರಿ? ನಿಮಗಲ್ರಿ ಕಾಕಾ, ಸೆಗಣಿಗಿ ತೋಡೀನಿ ಅಂತೀರೇನು?” ವಿಮಲಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಸೋಮವಾರಕ್ಕ ಎರಡೇ ದಿನ ಅವ. ರಿಜಿಸ್ಟರ್ ಆಗೂ ತನ ಬಾಯಾಗ ಬೆಲ್ಲ ಇಟ್ಕೊಂಡು ಕುಂದ್ರಿ. ಮಂಗಳವಾರ ಸೆಗಣಿ ಅನ್ರಿ, ಕಪ್ಪಿ ಅನ್ರಿ, ಬೇಕಾದ್ದು ಅನ್ರಿ.”

ಸೂಗಪ್ಪ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕೂತ. ಸತ್ಯ ಹೇಳುವುದು ಅವನಿಗೆ ಎಂದೂ ಅವಸರದ ಕೆಲಸವೆನಿಸಿರಲಿಲ್ಲ.

ಶನಿವಾರ ಶಿವರಾಯರು ದರ್ಶನಕ್ಕೆ ಬಂದವರ ಎದುರು ಒಂದು ಮಾತು ಆಡಿದರು: “ಸೋಮವಾರ ಮುಂಜಾನಿ ಕಚೇರಿಗಿ ಹೋಗೂಕಿಂತ ಮೊದಲ ಒಂದು ತಾಸು ಅಲ್ಲಿ ಕುಂತು ನೋಡ್ತೀನಿ.” ಹೊಸ ಕುರ್ಚಿ ತಂದವರು ಕೂತು ನೋಡುವುದಿಲ್ಲವೆ, ಅಷ್ಟೇ ಅವರ ಅಭಿಪ್ರಾಯ. ಆದರೆ ಮಾತು ನಳದ ಕಟ್ಟೆ ದಾಟುವಾಗ ಒಂದು ತಾಸು ಉದುರಿಹೋಯಿತು. ಬಜಾರು ದಾಟುವಾಗ ನೋಡುವುದು ಉದುರಿತು. ಸುಲೇಪೇಟೆಯ ಬಸ್ಸು ಹತ್ತುವ ಹೊತ್ತಿಗೆ, ಸೇಡಮ್ಮಿನಲ್ಲಿ ಶಿವರಾಯ ಶರಣರು ಸೋಮವಾರ ಜೀವಂತ ಸಮಾಧಿಯಾಗುತ್ತಾರೆ ಎಂಬುದಷ್ಟೇ ಉಳಿಯಿತು.

ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಚಿಂಚೋಳಿ, ಚಿತ್ತಾಪುರದ ಬಸ್ಸುಗಳು ಮಾಳಿಗೆ ತುಂಬ ಜನರನ್ನು ಹೊತ್ತು ತಂದವು. ವಾಡಿಯಿಂದ ರೈಲ್ವೆಯ ಮಂದಿ ತಂಡವಾಗಿ ಬಂದಿದ್ದರು. ಟಿಕೇಟು ತೆಗೆಸಿಯೇ ಬಂದೆವು ಎಂದು ಶರಣರಿಗೆ ತೋರಿಸಲು ಕೈಯಲ್ಲಿ ಹಿಡಿದೇ ಇದ್ದರು. ಎರಡು ತೆಂಗಿನಕಾಯಿ ಅಂಗಡಿ, ಒಂದು ಭಜಿ ಅಂಗಡಿ ಎದ್ದವು. ಜನ ಹಿತ್ತಲಿಗೆ ನುಗ್ಗಿದರು. ಮೆಣಸಿನ ಗಿಡ ಪ್ರಸಾದವೆಂದು ಬೇರು ಸಮೇತ ಹೋದವು. ಹುಳು ಕೊರೆದ ಬದನೆಕಾಯಿಗಳನ್ನೂ, ಹುಳುವೂ ಶರಣರ ಸನ್ನಿಧಿಯದು ಎಂದು, ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು. ಹಕ್ಕಿಯ ಮಡಿಕೆಯಲ್ಲಿದ್ದ ನೀರನ್ನು ತೀರ್ಥವೆಂದು ಹಂಚಿ ಮುಗಿಸಿ ಮಡಿಕೆಯನ್ನೂ ಯಾರೋ ಒಯ್ದರು. ಹದಿನಾರು ಪುಟದ ಪರಿಸರ ಒಂದೇ ತಾಸಿನಲ್ಲಿ ನೆಲಸಮವಾಯಿತು. ಸೂಗಪ್ಪ ಬೇವಿನ ಗಿಡ ತಬ್ಬಿ ಹಿಡಿದು, ಅದನ್ನಾದರೂ ಉಳಿಸಿಕೊಂಡ.

ಶಿವರಾಯರು ಹೊಸ ಧೋತ್ರ ಉಟ್ಟು, ಮೈತುಂಬ ವಿಭೂತಿ ಬಳಿದುಕೊಂಡು, ಮೂರು ಮೆಟ್ಟಿಲು ಇಳಿದು ಕಂಬಳಿಯ ಮೇಲೆ ಕೂತರು. ಮೂರು ವಾರದಿಂದ ಎಲೆ, ಸೆಗಣಿ ಕೊಳೆತು ಕೊಳೆತು ಗುಂಡಿ ಒಳಗೊಳಗೇ ಕಾದಿತ್ತು. ಡಿಸೆಂಬರಿನ ಕೊರೆವ ಚಳಿ. ಅಯ್ಯನವರು ಅವರಿಗೆ ಕೂರಲು ಹಸನಾಗಲೆಂದು ಕಂಬಳಿಯ ಸುತ್ತ ಮೇಲಿನ ಪದರ ಕೆದರಿದ್ದೇ ತಡ, ಗುಂಡಿಯ ನಾಲ್ಕೂ ಮೂಲೆಯಿಂದ ಹಬೆ ಎದ್ದಿತು. ಶಿವರಾಯರ ಸುತ್ತ ಬೆಳ್ಳಗೆ ಸುತ್ತಿ ಮೇಲಕ್ಕೇರಿತು. ಸಾವಿರ ಜನ ಒಮ್ಮೆಗೇ ಉಸಿರು ಬಿಗಿಹಿಡಿದು ಕೈಮುಗಿದರು. ಸೆಗಣಿಯ ನಾತಕ್ಕೆ ಊದಿನಕಡ್ಡಿಯ ಹೊಗೆ ಕೂಡಿ ಎದ್ದ ವಾಸನೆಯನ್ನು, ಇದು ಕೈಲಾಸದ್ದು ಎಂದು ತುಳಜಾಬಾಯಿ ಗುರುತು ಹಿಡಿದಳು.

“ಅಯ್ಯನೋರ, ಮೊಣಕಾಲ ನೋವು ಹೋತು” ಎಂದರು ಶಿವರಾಯರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಕೆಮ್ಮೂ ಇಳದದ.”

“ಇನ್ನ ಎಲ್ಲಾ ನೋವೂ ಹೋಗ್ತಾವ್ರಿ” ಎಂದರು ಅಯ್ಯನವರು, ಮತ್ತು ಗೋಡೆಯ ಕಡೆ ತಿರುಗಿ, “ಮಶಾಕ, ನಾಕು ಮಂದಿ ಕೂಡಿ ಫರ್ಸಿ ಎತ್ರಿ” ಎಂದರು.

ಶಿವರಾಯರು ಒಂದು ಕಣ್ಣು ತೆರೆದರು. “ಫರ್ಸಿ ಯಾಕ?”

“ಮುಚ್ಚಲಿಕ್ರಿ.”

“ಏನ್ ಮುಚ್ಚಲಿಕ್ಕ?”

“ನಿಮ್ಮನ್ನ್ರಿ.”

ಶರಣರ ಇನ್ನೊಂದು ಕಣ್ಣೂ ತೆರೆಯಿತು. ಏಳಲು ನೋಡಿದರು. ಕಂಬಳಿ ಜಾರಿ ಮೆತ್ತನೆಯ ಗೊಬ್ಬರದಲ್ಲಿ ಸೊಂಟದ ತನಕ ಇಳಿದರು. ಎದ್ದು ಹೋಗುತ್ತೇನೆ ಎನ್ನೋಣವೆಂದರೆ ಸಾವಿರ ಜನ ಕೈಮುಗಿದು ನಿಂತಿದ್ದಾರೆ. ಇಷ್ಟು ದೂರ ಬಸ್ ಚಾರ್ಜು ಕೊಟ್ಟು ಬಂದವರು ಸುಮ್ಮನೆ ಬಿಡುವ ಹಾಗೆ ಕಾಣಲಿಲ್ಲ. “ಸೂಗ್ಯಾ” ಎಂದು ಸಣ್ಣ ದನಿಯಲ್ಲಿ ಕರೆದರು.

ಸೂಗಪ್ಪನಿಗೆ ಬೇವಿನ ಗಿಡ ತಬ್ಬಿಕೊಂಡಲ್ಲೇ ಒಂದು ವಿಚಾರ ಹೊಳೆಯಿತು. ಕಾಕಾ ಹೋಗುತ್ತಾರಲ್ಲ ಎಂದಲ್ಲ. ಕಾಕಾ ಈಗ ಹೋದರೆ ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡುವವರು ಯಾರು? ಬಾಯಲ್ಲಿದ್ದ ಬೆಲ್ಲ ಉಗುಳಿ ಅವನು ಜನರ ನಡುವೆ ನುಗ್ಗಿದ.

“ನಿಲ್ರಿ, ಇದು ಸಮಾಧಿ ಅಲ್ಲ. ಇದು ತಿಪ್ಪಿ. ನಾ ತೋಡಿದ ತಿಪ್ಪಿ. ಕಾಕಾ ತಿಪ್ಪ್ಯಾಗ ಕುಂತಾರ. ಆ ಗೂಡು ಕಪ್ಪಿಗಿ ಮಾಡಿದ್ದು. ಬೇಕಾದ್ರ ಪುಸ್ತಕ ನೋಡ್ರಿ” ಎಂದು ಒಂಬತ್ತನೇ ಪುಟ ತೆರೆದು ಹಿಡಿದ.

ಪುಸ್ತಕ ಯಾರೂ ನೋಡಲಿಲ್ಲ. “ನೋಡ್ರಿ ಇವನ ನಾಲಿಗಿ” ಎಂದಳು ತುಳಜಾಬಾಯಿ. “ಆಸ್ತಿ ಆಸಿಗಿ ಶರಣರಿಗಿ ತಿಪ್ಪ್ಯಾಗ ಕುಂತಾರ ಅಂತಾನ.” ಯಾರೋ ಪುಸ್ತಕ ಕಿತ್ತು ಭಜಿ ಅಂಗಡಿಯ ಕಡೆ ಎಸೆದರು. ಅಲ್ಲಿ ಅದು ಅರ್ಧರ್ಧ ಹಾಳೆಯಾಗಿ ಹದಿನಾರು ಗಿರಾಕಿಗಳಿಗೆ ಉಪಯೋಗಕ್ಕೆ ಬಂತು.

ಆಗ ಫೌಜದಾರರು ಬಂದರು. ಸಮಾಧಿ ಎಂದರೆ ಆತ್ಮಹತ್ಯೆ, ಮಣ್ಣು ಹಾಕಿದವರು ಕೊಲೆ ಆರೋಪಿಗಳು ಎಂದು ಲಾಠಿ ಬೀಸುತ್ತ ಬಂದವರೇ ಗುಂಡಿಯ ಬಾಯಲ್ಲಿ ನಿಂತರು. ಸೂಗಪ್ಪ ಅವರ ಕಾಲು ಹಿಡಿದು, “ಇದು ಗೊಬ್ಬರ ಅದ್ರೀ ಸಾಹೇಬ್ರ, ಬರೇ ಗೊಬ್ಬರ” ಎಂದ.

“ಗೊಬ್ಬರ ಯಾವಾಗ ಉಗಿ ಬಿಡ್ತದಲೇ?” ಎಂದರು ಫೌಜದಾರರು. ಪಂಚನಾಮೆ ಮಾಡಬೇಕಲ್ಲ ಎಂದು ಮೂರು ಮೆಟ್ಟಿಲು ಇಳಿದು ಕೈಯಿಟ್ಟು ನೋಡಿದರು. ಬೆಚ್ಚಗಿತ್ತು. ಫೌಜದಾರರಿಗೆ ಹತ್ತು ವರ್ಷದಿಂದ ಸೊಂಟದ ನೋವು. ಮೋಟರ್ ಸೈಕಲ್ಲಿನ ಮೇಲೆ ವಾಡಿ–ಕೋಡ್ಲಾ ಎಂದು ತಿರುಗಿ ಬೆನ್ನು ಬಿದಿರಾಗಿತ್ತು. ಇನ್ನೂ ಚೆನ್ನಾಗಿ ತಪಾಸಣೆ ಮಾಡಲು ಶಿವರಾಯರ ಪಕ್ಕದಲ್ಲಿ ಕೂತರು. ಹತ್ತು ನಿಮಿಷ ತಪಾಸಣೆ ನಡೆಯಿತು. ಆಮೇಲೆ ಎದ್ದು, ಸೊಂಟ ಅತ್ತಿತ್ತ ತಿರುಗಿಸಿ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟು ಕೈಮುಗಿದರು.

“ಜಾಗಾ ಖರೇನ ದೊಡ್ಡದು” ಎಂದರು. “ಆದ್ರ ಮಣ್ಣು ಹಾಕ್ಲಿಕ್ಕ ಕಾಯ್ದೆದಾಗ ಇಲ್ರೀ ಶರಣ್ರ.”

ಶಿವರಾಯರ ಮುಖದಲ್ಲಿ ಜೀವ ಬಂತು. ಗೊಬ್ಬರದಿಂದ ಸೊಂಟ ಕಿತ್ತುಕೊಂಡು ಎದ್ದು ನಿಂತು, “ನಾ ಸರ್ಕಾರದ ಅನ್ನ ತಿಂದಾಂವ. ಕಾಯ್ದೆ ಮೀರಾಂವ ಅಲ್ಲ. ಸರ್ಕಾರ ಬ್ಯಾಡ ಅಂದ್ರ ಬ್ಯಾಡ. ಇನ್ನ ಮ್ಯಾಲ ಸೋಮವಾರಕ್ಕೊಮ್ಮೆ ಕುಂತು ಏಳ್ತೀನಿ” ಎಂದರು. ಜನರಿಗೆ ಸ್ವಲ್ಪ ನಿರಾಸೆಯಾಯಿತು. ಆದರೆ ವಾರಕ್ಕೊಮ್ಮೆ ಎಂದರೆ ಒಂದೇ ಸಲಕ್ಕಿಂತ ಲಾಭವೆಂದು ಕಾಯಿ ಅಂಗಡಿಯವನು ಜಯಕಾರ ಹಾಕಿದ.

ಮೇಲೆ ಬಂದ ಶಿವರಾಯರು ಸೂಗಪ್ಪನ ಎದುರು ನಿಂತರು. ಸಾವಿರ ಜನ ಕೇಳುವ ಹಾಗೆ ಹೇಳಿದರು: “ನನಗ ನಾಕು ಮಂದ್ಯಾಗ ತಿಪ್ಪ್ಯಾಗ ಕುಂತಾರ ಅಂದಿ. ಇರ್ಲಿ. ತಾ ಏನು ಮಾಡ್ಯಾನ ಅಂತ ಇವನಿಗೇ ಗೊತ್ತಿಲ್ಲ. ಕ್ಷಮಾ ಮಾಡೀನಿ.”

ಕ್ಷಮೆ ಸಿಕ್ಕಿತಲ್ಲ ಎಂದು ಸೂಗಪ್ಪ ಸಮಾಧಾನಪಟ್ಟುಕೊಂಡ. ಕ್ಷಮೆಗೆ ರಿಜಿಸ್ಟ್ರೇಷನ್ ಬೇಕಾಗುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಅಂದು ಸಂಜೆಯೇ ಪಡಸಾಲೆಯಲ್ಲಿ ಗದ್ದುಗೆ ಕಮಿಟಿ ಕೂತಿತು. ಅಯ್ಯನವರು ಅಧ್ಯಕ್ಷರು. ದೇವರ ಜಾಗ ಒಬ್ಬರ ಸ್ವಂತದ್ದಾಗಿ ಇರಬಾರದು ಎಂದು ಅವರು ಎರಡು ಸಲ ಹೇಳಿದರು, ಶರಣರು ಒಂದೇ ಸಲ ತಲೆಯಾಡಿಸಿದರು. ಚಹಾ ಕೊಡಲು ಹೋದ ವಿಮಲಾಬಾಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಕಪ್ಪು ಬಸಿ ಅಲ್ಲೇ ಇಟ್ಟು ಒಳಗೆ ಹೋಗಿ, ಒಲೆಯ ಮುಂದೆ ಕೂತು ಅತ್ತಳು. ಹನ್ನೆರಡು ವರ್ಷ ಸಾರಿಸಿ ಗುಡಿಸಿ ತನ್ನದೆಂದುಕೊಂಡ ಮನೆ ಅದು.

ಸೋಮವಾರದ ಹನ್ನೊಂದು ಗಂಟೆ ಗದ್ದಲದಲ್ಲೇ ಕಳೆದುಹೋಗಿದ್ದರಿಂದ ಮಂಗಳವಾರ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ದಸ್ತಾವೇಜು ಬರೆಯುವವನು ಗಟ್ಟಿಯಾಗಿ ಓದಿದ: ಮನೆ, ಹಿತ್ತಲು, ಗದ್ದುಗೆ ಸಮೇತ ಕಮಿಟಿಯ ಹೆಸರಿಗೆ, ಶರಣರು ಇರುವತನಕ ಪಡಸಾಲೆ ಶರಣರದು, ಮನೆಯಲ್ಲಿ ಈಗಿರುವ ಸೂಗಪ್ಪನು ಸಂಸಾರ ಸಮೇತ ಗದ್ದುಗೆಯ ಕಸ ಗುಡಿಸಿಕೊಂಡು, ಕಮಿಟಿಯವರ ಮರ್ಜಿಯಿಂದ ಹಿಂದಿನ ಕೋಣೆಯಲ್ಲಿ ಇರತಕ್ಕದ್ದು. ಎರಡು ಸಾಕ್ಷಿ ಬೇಕಾಗಿತ್ತು. ಒಂದಕ್ಕೆ ಅಯ್ಯನವರು ತಮ್ಮ ಬೀಗರನ್ನು ತಂದಿದ್ದರು. ಎರಡನೆಯದಕ್ಕೆ ಶಿವರಾಯರು ಪ್ರೀತಿಯಿಂದ ಸೂಗಪ್ಪನ ಬೆನ್ನ ಮೇಲೆ ಕೈಯಿಟ್ಟು, “ನೀ ಮಾಡು. ಎಲ್ಲಾ ನಿನ್ನ ಕೈಲಿಂದನ ಆಗ್ಯದ” ಎಂದರು. ದೊಡ್ಡವರ ಮಾತು ಮೀರಿ ರೂಢಿಯಿಲ್ಲದ ಸೂಗಪ್ಪ ಪೆನ್ನು ತೆಗೆದುಕೊಂಡು, ತಲೆಕಟ್ಟು ಒಂದೂ ತಪ್ಪದಂತೆ ಸಹಿ ಮಾಡಿದ.

ಮನೆಗೆ ಬಂದಾಗ ವಿಮಲಾಬಾಯಿ ಹೊಸ್ತಿಲಲ್ಲೇ ನಿಂತಿದ್ದಳು.

“ಕಾಗದದಾಗ ನಿಮ್ಮ ಹೆಸರು ಬಂದದೋ ಇಲ್ಲೋ?”

“ಬಂದದ” ಎಂದ ಸೂಗಪ್ಪ. “ಎರಡು ಕಡಿ ಬಂದದ.”

“ಎಲ್ಲೆಲ್ಲಿ?”

ಸೂಗಪ್ಪ ಹೇಳಿದ. ವಿಮಲಾಬಾಯಿ ಒಳಗೆ ಹೋಗಿ ಬಾಗಿಲ ಹಿಂದಿದ್ದ ಕಸಬರಿಗೆ ತಂದು ಅವನ ಕೈಗೆ ಕೊಟ್ಟಳು.